ಅವ್ವನ ಹಾಡಿನ ಹಿಂದೆ ನಿನ್ನ ಮಾತು

ಬೈಲಹೊಂಗಲ
ಫೆಬ್ರುವರಿ ೧೮, ಬುಧವಾರ

ಅಜಿತಣ್ಣಾ,

ನೀನು ಹೆತ್ತ ತಾಯಿಯನ್ನು ಮನೆಗೆಲಸದವಳು ಅಂದೆ. ಇದನ್ನು ಮೊದಲೇ ಬರೆದುಬಿಟ್ಟೆ. ಕ್ಷೇಮ ಸಮಾಚಾರದ ಕೆಳಗೆ ಮುಚ್ಚಿಟ್ಟರೆ ನಾನೂ ನಿನ್ನ ಹಾಗೆ ಆಗುತ್ತೇನೆ. ಈಗ ಕೇಳುತ್ತೇನೆ, ಸವದತ್ತಿಯಲ್ಲಿ ಆರಾಮವೇ? ಕೋಚಿಂಗ್ ಕ್ಲಾಸಿನಲ್ಲಿ ಪಾಠ ಹೇಳಿ ಗಂಟಲು ಕಟ್ಟಿದೆ ಅಂದಿದ್ದೆಯಲ್ಲ, ಅವ್ವ ಜ್ಯೇಷ್ಠಮಧು ಕಟ್ಟಿಕೊಟ್ಟಿದ್ದಾಳೆ. ಕಳಿಸಿದ್ದೇನೆ. ಅಗಿದು ರಸ ನುಂಗು. ಇನ್ನೂ ಬಹಳ ಸುಳ್ಳು ಹೇಳುವುದಿದೆ, ಗಂಟಲು ಚೆನ್ನಾಗಿರಬೇಕು.

ಹೋದ ರವಿವಾರ ನೀನು ಹೊಸ ಯುಎಸ್‌ಬಿ ಮೈಕು ತಂದು ಮನೆಯ ಕಂಪ್ಯೂಟರಿಗೆ ಹಚ್ಚಿದೆ. ನಿನ್ನ ಚಾನೆಲ್ಲಿಗೆ ಅವ್ವನ ಬೀಸುವ ಹಾಡು ಬೇಕಾಗಿತ್ತು. ಮೈಕಿನ ದೀಪ ಹತ್ತಿತು, ಫ್ಯಾನ್ ಬಂದ್ ಮಾಡಿದೆ, ಅವ್ವನನ್ನು ಮುಂದೆ ಕೂರಿಸಿದೆ. "ನೀ ಹಾಡವಾ, ಇದು ಎದುರಿಗಿನ ಬಾಯಷ್ಟ ಕೇಳತೈತಿ, ಹಿಂದ ಡೊಳ್ಳು ಬಡದ್ರೂ ಕೇಳೂದಿಲ್ಲ" ಅಂದೆ. ನಾನು ಸೆಟ್ಟಿಂಗ್ ನೋಡಲು ಬಂದರೆ "ಕರಪತ್ರ ಓದಿದಂಗಲ್ಲ ಇದು, ಸರೀ" ಅಂತ ಗದರಿಸಿದೆ. ತಂತಿ ಚುಚ್ಚಿದ ಮಾತ್ರಕ್ಕೆ ಆಗುವುದಿಲ್ಲ ಅಣ್ಣಾ, ಯಾವ ಮೈಕು ಅಂತ ಕಂಪ್ಯೂಟರಿಗೆ ಆರಿಸಿ ಹೇಳಬೇಕು. ನೀನು ಹೇಳಲಿಲ್ಲ. ಹಾಡೆಲ್ಲ ರೆಕಾರ್ಡ್ ಆದದ್ದು ಕಂಪ್ಯೂಟರಿನ ಪರದೆಯ ಮೇಲಿನ ಹಳೆಯ ಕ್ಯಾಮೆರಾದ ಮೈಕಿನಲ್ಲಿ. ಅದು ಇಡೀ ಮನೆಯನ್ನು ಕೇಳುತ್ತದೆ.

ಹಾಡಿನ ಎರಡನೆಯ ನುಡಿಯಲ್ಲಿ ಯರಗಟ್ಟಿಯಿಂದ ನಿನಗೆ ಹೆಣ್ಣು ಕೊಡುವ ಭೀಮಶಿಯವರ ಫೋನು ಬಂತು. ನೀನು ಅಡುಗೆಮನೆಗೆ ಸರಿದೆ. ಯಾರು ಹಾಡುತ್ತಿದ್ದಾರೆಂದು ಕೇಳಿರಬೇಕು. ನಿನ್ನ ಉತ್ತರ ಸ್ಪಷ್ಟವಾಗಿದೆ: "ಆಕೀರಿ? ಮನಿ ಕೆಲಸಕ್ಕ ಬರತಾಳ್ರಿ. ನಮ್ಮ ತಾಯಿ ಪುಣೆದಾಗ ಅಕ್ಕನ ಹತ್ರ ಅದಾರ್ರಿ. ಹೂಂರಿ, ರಿಟೈರ್ಡ್ ಟೀಚರ್." ನಮಗೆ ಅಕ್ಕ ಇಲ್ಲ, ಅವಳನ್ನೂ ನೀನೇ ಹುಟ್ಟಿಸಿದೆ. ಆಮೇಲೆ ನಕ್ಕೆ. ಆ ನಗುವನ್ನು ನಾನು ಮತ್ತೆ ಮತ್ತೆ ಹಚ್ಚಿ ಕೇಳಿದೆ. ಅಂಜಿ ನಕ್ಕದ್ದಲ್ಲ ಅದು.

ಅವ್ವ ಹತ್ತಿಯ ಜಿನ್ನಿಂಗ್ ಮಿಲ್ಲಿನಲ್ಲಿ ಕಸ ಹೊಡೆದು ನಿನ್ನನ್ನು ಎಂ.ಎ. ಓದಿಸಿದಳು. ಬೀಗರಾಗುವವರೂ ನಮ್ಮ ಜನವೇ, ಅವರ ಗೋಡೆಯ ಮೇಲೂ ಬುದ್ಧನ ಫೋಟೊ ಇದೆ, ಅವರ ಹಿರಿಯರೂ ಯಾರದೋ ಅಂಗಳ ಗುಡಿಸಿಯೇ ಮೇಲೆ ಬಂದದ್ದು. ಹಾಗಾದರೆ ಯಾರಿಗೆ ಹೆದರಿದೆ? ಸ್ವಾಭಿಮಾನದ ಮೊದಲ ಕರಪತ್ರ ನನ್ನ ಕೈಗಿಟ್ಟವನು ನೀನು. ನಾನು ಅದನ್ನು ನಂಬಿದೆ, ನೀನು ಬರೀ ಹಂಚಿದೆ.

ಮೈಕನ್ನು ಈಗ ನಾನೇ ಸರಿ ಮಾಡಿದ್ದೇನೆ, ಬಾಯಿಂದ ಒಂದು ಗೇಣು ದೂರ ಇಟ್ಟರೆ ಅವ್ವನ ಉಸಿರೂ ಹಾಡಿನಂತೆ ಕೇಳುತ್ತದೆ. ಆದರೆ ನಿನಗೆ ಕೊಡುವುದಿಲ್ಲ. ಕೆಲಸದವಳ ಹಾಡು ನಿನಗೇಕೆ?

ಅವ್ವ ಆಶೀರ್ವಾದ ತಿಳಿಸು ಅಂದಳು, ತಿಳಿಸಿದ್ದೇನೆ. ಜೈಭೀಮ್ ಬರೆಯಲು ಈ ಸಲ ನನ್ನ ಕೈ ಏಳುತ್ತಿಲ್ಲ.

ನಿನ್ನ ತಂಗಿ
ಸಪ್ನಾ

ತಾ.ಕ.: ಒಂದು ಮಾತು ಮೇಲೆ ಬರೆಯಲಾಗಲಿಲ್ಲ. ರೆಕಾರ್ಡಿಂಗ್ ಹಚ್ಚಿದಾಗ ಅವ್ವ ನನ್ನ ಹಿಂದೆ ನಿಂತಿದ್ದಳು. ಅಳಲಿಲ್ಲ. "ಹಂಗಾರ ಮದುವ್ಯಾಗ ಭಾಂಡೆ ತಿಕ್ಕಾಕ ಬರಬಹುದಲ್ಲ? ಸೊಸಿ ಮಾರಿನರ ನೋಡತೇನಿ" ಅಂದಳು. ಅದಕ್ಕೆ ಉತ್ತರ ನಾನು ಕೊಡುವುದಿಲ್ಲ. ಅವಳನ್ನು ಕರೆದುಕೊಂಡು ಭೀಮಶಿಯವರ ಮನೆಗೆ ಹೊರಟಿದ್ದೇನೆ. ಅವರ ಬಾಗಿಲಲ್ಲಿ ಇವಳು ಯಾರೆಂದು ನೀನು ಹೇಳು. ನೀನು ಬರದಿದ್ದರೆ ನಾನು ಹೇಳುತ್ತೇನೆ, ನೀನು ಯಾರೆಂಬುದನ್ನೂ ಹೇಳುತ್ತೇನೆ. ಯರಗಟ್ಟಿ ಬಸ್‌ಸ್ಟ್ಯಾಂಡ್, ಇದೇ ರವಿವಾರ, ಬೆಳಿಗ್ಗೆ ಹತ್ತು ಗಂಟೆ.