ಬೈಕಿನ ಬಾಲ

ಮಾರ್ಚ್ ೧೧, ಮಂಗಳವಾರ

ಅಕ್ಕನ ಸುಲಿದ ಮೊಣಕೈ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಅಂಚೆ ಕಚೇರಿಯ ತಿರುವಿನಲ್ಲಿ ಹಳೇ ಬೈಕು ಜಾರಿ ಬಿದ್ದಳು. ಪುಣ್ಯಕ್ಕೆ ಮೂಳೆಗೇನೂ ಆಗಿಲ್ಲ. ನನ್ನ ಬಾಯಿಂದ ಬಂದ ಮೊದಲ ಮಾತು, "ತಿರುವಲ್ಲಿ ಯಾರಾದ್ರೂ ಬ್ರೇಕ್ ಒತ್ತುತ್ತಾರಾ?" ಅದೂ ಭಾವನ ಎದುರಿಗೆ. ನನಗೆ ಬೈಕು ಕಲಿಸಿದವಳೇ ಅವಳು.

ಸಂಜೆ ಬಗ್ಗಿದ ಫುಟ್‌ರೆಸ್ಟ್ ಸರಿಮಾಡಲು ಕೂತಾಗ ಹಿಂದಿನ ಟೈರಿಗೆ ಕೈ ತಾಗಿತು. ಬೆರಳೆಲ್ಲ ಎಣ್ಣೆ. ಎಂಜಿನ್ ಉಸಿರು ಬಿಡುವ ರಬ್ಬರ್ ಪೈಪನ್ನು ಅಪ್ಪ ನಂಬರ್ ಪ್ಲೇಟಿನ ಆಚೆಯವರೆಗೆ ಎಳೆದು ಕಟ್ಟಿದ್ದರು, ಅದರಿಂದ ತೊಟ್ಟಿಕ್ಕುವ ಎಣ್ಣೆ ಚಕ್ರಕ್ಕೆ ತಾಗದೆ ನೆಲಕ್ಕೆ ಬೀಳಲೆಂದು. ಬಾಲದ ಹಾಗೆ ಜೋತಾಡುತ್ತದೆ, ಅಸಹ್ಯ ಅಂತ ಮೊನ್ನೆ ಭಾನುವಾರ ನಾನೇ ಅದನ್ನು ಗೇಣುದ್ದಕ್ಕೆ ಕತ್ತರಿಸಿದ್ದೆ. ತುದಿ ನೇರ ಟೈರಿನ ಮೇಲಿತ್ತು. ದೊಡ್ಡ ಮೆಕ್ಯಾನಿಕ್ ನಾನು!

ಹೊಸ ಪೈಪು ತಂದು ಅಪ್ಪ ಕಟ್ಟಿದ್ದ ದಾರಿಯಲ್ಲೇ ಕಟ್ಟಿದೆ. ಟೈರನ್ನು ಸೋಪು ಹಾಕಿ ಮೂರು ಸಲ ಉಜ್ಜಿದೆ. ಅಕ್ಕನಿಗೆ ಹೇಳಿಬಿಡೋಣ ಅಂತ ಒಳಗೆ ಹೋದೆ.

ಅವಳೇ ಶುರುಮಾಡಿದಳು. "ನೀನು ಹೇಳಿದ್ದು ಸರಿ ಕಣೋ. ನನ್ನ ಕೈಗೆ ಮೊದಲಿನ ಹಿಡಿತ ಇಲ್ಲ ಅನ್ಸುತ್ತೆ. ಇನ್ಮೇಲೆ ಬಸ್ಸಲ್ಲೇ ಹೋಗ್ತೀನಿ, ಗಾಡಿ ನೀನೇ ಇಟ್ಕೋ." ಬ್ಯಾಂಡೇಜು ಸುತ್ತಿದ ಕೈಯಲ್ಲೇ ಕೀಲಿ ಚಾಚಿದಳು.

ಬೇಡ ಅನ್ನಬೇಕಿತ್ತು. ಕೀಲಿ ತೆಗೆದುಕೊಂಡು, "ಅದೇ ಒಳ್ಳೇದು ಬಿಡು" ಅಂದೆ.