ಹೆಂಗಸರ ಕಟ್ಟೆ

ಅಟ್ಟೂರು
9 ಫೆಬ್ರವರಿ 2025, ಭಾನುವಾರ

ನೀಲುವಿನ ಅಪ್ಪನಿಗೆ ಭಾಗ್ಯಶ್ರೀ ಮಾಡುವ ನಮಸ್ಕಾರಗಳು.

ನಿಮ್ಮನ್ನು ಏನೆಂದು ಕರೆದು ಬರೆಯಲಿ ಎಂದು ಬಹಳ ಹೊತ್ತು ಯೋಚಿಸಿದೆ. ಗಂಡ ಎನ್ನೋಣವೆಂದರೆ ನೀವು ಆರ್.ಟಿ. ನಗರದಲ್ಲಿ, ನಾನು ಇಲ್ಲಿ, ಬೇರೆಯಾಗಿ ನಾಲ್ಕನೇ ವರ್ಷ ನಡೆಯುತ್ತಿದೆ. ವಿಶ್ವನಾಥ ಎಂದು ಹೆಸರು ಹಿಡಿದು ಬರೆದರೆ ನಿಮ್ಮ ಅವ್ವ ಗದಗಿನಲ್ಲಿ ಕೂತೇ ನನ್ನ ಕಿವಿ ಹಿಂಡಿಯಾರು. ಬರುವ ಮೇ ತಿಂಗಳಿಗೆ ನೀಲು ಹೋಗಿ ಏಳು ವರ್ಷ. ಆದರೂ ನೀವು ಅವಳ ಅಪ್ಪ ಎನ್ನುವುದೊಂದು ಬದಲಾಗಿಲ್ಲ. ಫೋನ್ ಮಾಡಬಹುದಿತ್ತು. ಫೋನಿನಲ್ಲಿ ನೀವು ಚೆನ್ನಾಗಿ ಮಾತಾಡುತ್ತೀರಿ, ನಾನು ಅಳುತ್ತೇನೆ, ವಿಷಯ ಮಾತ್ರ ಇದ್ದಲ್ಲೇ ಇರುತ್ತದೆ. ಅದಕ್ಕೇ ಕಾಗದ.

ಡಿಸೆಂಬರಿನಲ್ಲಿ ಹೆಬ್ಬಾಳದ ನಮ್ಮ ಆಫೀಸಿಗೆ ಒಂದು ಕೆಲಸ ಬಂತು. ಹೊರದೇಶದ ಪ್ರತಿಷ್ಠಾನವೊಂದು ಇಲ್ಲಿನ ಕಲೆಗೆ, ಕಟ್ಟಡಗಳಿಗೆ ಕೊಟ್ಟ ಅನುದಾನದಿಂದ ಜನರಿಗೆ ನಿಜಕ್ಕೂ ಏನಾಯಿತು ಎಂದು ನೋಡಿ ವರದಿ ಕೊಡಬೇಕು. ನಮ್ಮ ಮುಖ್ಯಸ್ಥ ರಘುನಾಥ್ ಯಾರ ಮನೆಗೆ ಯಾವುದು ಹತ್ತಿರ ಎಂದು ನೋಡಿ ಹಂಚಿದರು. "ಯಲಹಂಕ ಸೈಡ್ ನಿಮ್ಗೆ ಮೇಡಂ" ಎಂದು ನನ್ನ ಮುಂದೆ ಫೋಟೊ ಇಟ್ಟರು. ಕೋಗಿಲು ಕಡೆಯ ಸ್ಮಶಾನ. ಅದರ ಗೇಟಿನ ಪಕ್ಕಕ್ಕೆ, ಹೊರಗೆ, ನೀವೇ ನಕ್ಷೆ ಹಾಕಿ ಕಟ್ಟಿಸಿದ ಹೆಂಗಸರ ಕಟ್ಟೆ. ನನ್ನಿಂದ ಆಗುವುದಿಲ್ಲ ಎನ್ನಬೇಕಿತ್ತು. ಎನ್ನಲಿಲ್ಲ. ನಾನು ನಿಮ್ಮ ಹೆಂಡತಿ ಎಂದು ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ.

ಮೊದಲ ದಿನ ಎಲ್ಲರೂ ಕೂತು ನೀವು ಈ ಕಟ್ಟೆಗೆ ಬಹುಮಾನ ತೆಗೆದುಕೊಂಡಾಗ ಮಾಡಿದ ಭಾಷಣದ ವಿಡಿಯೋ ನೋಡಿದೆವು. ಕೋಟು ನಿಮಗೆ ಒಪ್ಪುತ್ತದೆ, ಸುಳ್ಳು ಹೇಳುವುದಿಲ್ಲ. ಮಗಳನ್ನು ಮಣ್ಣು ಮಾಡಿದ ದಿನ ಊರಿನ ಪದ್ಧತಿ ನಿಮ್ಮ ಹೆಂಡತಿಯನ್ನು ಬೇಲಿಯ ಹೊರಗೆ ಉರಿಬಿಸಿಲಿನಲ್ಲಿ ನಿಲ್ಲಿಸಿತು, ಆ ತಾಯಿಗೆ ಕೂರಲು ಒಂದು ಕಲ್ಲೂ ಇರಲಿಲ್ಲ, ಅವತ್ತೇ ಈ ಕಟ್ಟೆ ಮನಸ್ಸಿನಲ್ಲಿ ಹುಟ್ಟಿತು ಎಂದಿರಿ. ನನ್ನ ಪಕ್ಕದಲ್ಲಿದ್ದ ಜೀಷಾನ್ ಕಣ್ಣೊರೆಸಿಕೊಂಡ. "ಎಂಥಾ ಗಂಡ ಅಲ್ವಾ ಮೇಡಂ, ಆಯಮ್ಮ ಪುಣ್ಯ ಮಾಡಿದ್ರು" ಎಂದ. ಹೌದಪ್ಪ ಎಂದೆ.

ಅವತ್ತು ನಾನು ಕೂರಲು ಜಾಗ ಕೇಳಿದ್ದೆನೇ? ನೀವು ಮಗುವನ್ನು ಎತ್ತಿಕೊಂಡು ಮುಳ್ಳುಬೇಲಿಯ ಸಂದಿಯಲ್ಲಿ ಒಳಗೆ ಹೋದಿರಿ. ಹಿಂದೆ ಬರುತ್ತಿದ್ದ ನನ್ನನ್ನೂ ನಿಮ್ಮ ಅವ್ವನನ್ನೂ ಸ್ಮಶಾನ ನೋಡಿಕೊಳ್ಳುವ ಮುನಿಕೃಷ್ಣಪ್ಪ ಎರಡು ಕೈ ಅಗಲಿಸಿ ತಡೆದರು. "ಎಣ್ಣುಮಕ್ಳು ಒಳೀಕೆ ಬರಂಗಿಲ್ಲ ಕಣಮ್ಮ, ಇಲ್ಲೇ ನಿಂತ್ಕೊಳಿ" ಎಂದರು. ಅವ್ವ ಎಷ್ಟು ಕೂಗಾಡಿದರು! "ನಮ್ಮ ಕಡೆ ಹೆಂಗಸ್ರೂ ಮಣ್ಣಿಗೆ ಹೋಗ್ತಾರ್ರೀ. ನಮ್ಮ ಕೂಸಿಗೆ ನಾವು ಒಂದ್ ಹಿಡಿ ಮಣ್ಣ ಹಾಕೂದು ಬ್ಯಾಡೇನು?" ಮುನಿಕೃಷ್ಣಪ್ಪ ತಲೆ ತಗ್ಗಿಸಿಕೊಂಡೇ ನಿಂತರು, ಕೈ ಮಾತ್ರ ಇಳಿಸಲಿಲ್ಲ. ನೀವು ತಿರುಗಿ ನೋಡಲಿಲ್ಲ. ನೀಲುವಿಗೆ ಕೊನೆಗೆ ಮಣ್ಣು ಹಾಕಿದ ಕೈಗಳಲ್ಲಿ ನನ್ನದಿರಲಿಲ್ಲ. ಆಮೇಲೆ ನಮ್ಮಿಬ್ಬರ ನಡುವೆ ಕೆಟ್ಟದ್ದೆಲ್ಲ ಅಲ್ಲಿಂದಲೇ ಕೆಟ್ಟಿತು.

ಕಟ್ಟೆ ನೋಡಲು ನಾನು ಅಲ್ಲಿಯವರೆಗೂ ಹೋಗಿರಲಿಲ್ಲ. ಈ ಕೆಲಸದ ನೆಪದಲ್ಲಿ ಹೋದೆ. ಚೆನ್ನಾಗಿದೆ. ತಣ್ಣನೆಯ ಕಲ್ಲುಬೆಂಚು, ಹೆಂಚಿನ ಮಾಡು, ಕಾಲು ತೊಳೆಯಲು ನಲ್ಲಿ, ಸ್ಮಶಾನದ ಕಡೆಗೆ ಮಣ್ಣಿನ ಗೋಡೆ, ಅದರಲ್ಲಿ ಕೂತವರ ಕಣ್ಣಿನ ಮಟ್ಟಕ್ಕೆ ಸಣ್ಣ ಸಣ್ಣ ಕಿಂಡಿಗಳು. ಮೂಲೆಯಲ್ಲಿ ಕೂತು ಕಿಂಡಿಗೆ ಕಣ್ಣಿಟ್ಟರೆ ನೀಲು ಮಲಗಿರುವ ಜಾಗ, ಅದರ ಮೇಲಿನ ಕಣಗಿಲೆ ಗಿಡ ನೇರ ಕಾಣುತ್ತದೆ. ಅಳತೆ ತೆಗೆದು ನನಗಾಗಿಯೇ ಇಟ್ಟಿದ್ದೀರಿ ಎಂದು ಕೂತ ಕೂಡಲೇ ತಿಳಿಯಿತು. ರೀ, ಎದೆ ಒಡೆದು ಹೋಯಿತು. ಇದನ್ನು ನಿಮಗೆ ಹೇಳದೆ ಮುಂದಿನದನ್ನು ಬರೆಯುವುದು ಅನ್ಯಾಯ.

ಮುಂದಿನದು ಹೀಗಿದೆ. ಸಂಕ್ರಾಂತಿ ಕಳೆದ ಮೇಲೆ ಸಾವು ಬಂದ ದಿನವೆಲ್ಲ ಅಲ್ಲಿಗೆ ಹೋಗಿ ಕೂತೆ. ಪ್ರತಿ ಸಲವೂ ಕಟ್ಟೆ ತುಂಬಿರುತ್ತಿತ್ತು. ಇಲ್ಲಿ ಕೂತಾಗ ಗೌರವ ಸಿಕ್ಕಂತೆ ಅನಿಸುತ್ತದೆಯೇ ಎಂದು ನಾವು ಕೇಳಬೇಕು. "ಸತ್ ಮನೆಯೋರ್ನ ಏನ್ ಕೇಳ್ತೀಯವ್ವ, ತಂಪಾಗೈತೆ ಬಿಡು" ಎಂದರು ಒಬ್ಬರು. ಚೆನ್ನಾಗಿಲ್ಲ ಎಂದವರು ಯಾರೂ ಇಲ್ಲ. ಕೋಗಿಲಿನಲ್ಲೇ ಹುಟ್ಟಿ ಬೆಳೆದ ಮುನಿವೆಂಕಟಮ್ಮ ಎಂಬ ಅಜ್ಜಿಯಂತೂ ಕಟ್ಟಿಸಿದವರು ನೂರು ವರ್ಷ ಬದುಕಲಿ ಎಂದು ಕೈ ಮುಗಿದರು. ಮೊದಲು ಹೇಗಿತ್ತು ಎಂದು ಸುಮ್ಮನೆ ಕೇಳಿದೆ.

"ಮೊದ್ಲು ನಿಂತ್ಕೊಳೋಕೆಲ್ಲಿ ಜಾಗ ಇತ್ತವ್ವ? ಬಿಸ್ಲು, ಮುಳ್ಳು. ಗಂಡಸ್ರು ಒಳೀಕೋದ್ರೆ ನಾವೂ ಇಂದಿಂದೆ ಒಂದೊಂದೇ ಎಜ್ಜೆ ಓಗ್ಬುಡ್ತಿದ್ವಿ. ಎಣ್ಣುಮಕ್ಳು ಬರಬಾರ್ದು ಅಂತ ಬಾಯಲ್ಲಿ ಅಂತಿದ್ರು ಅಷ್ಟೇ, ಯಾರೂ ತಡೀತಿರ್ನಿಲ್ಲ. ನನ್ ದೊಡ್ಮಗಂಗೆ ನಾನೇ ಮಣ್ಣಾಕಿದ್ದೆ. ಈಗ ಅಂಗಿಲ್ಲ. ಒಂದ್ ಎಜ್ಜೆ ಇಟ್ರೂ, ಏಯ್, ನಿಮಗಂತ್ಲೇ ಅಷ್ಟ್ ಚೆಂದಾಗಿ ಕಟ್ಟವ್ರಲ್ಲ, ಅಲ್ ಕುಂತ್ಕೊಳಿ ಅಂತ ಕಳುಸ್ತಾರೆ. ಓದ್ವರ್ಸ ಚಿಕ್ಮಗ ತೀರ್ಕೊಂಡ. ತೂತ್ನಾಗೇ ನೋಡ್ದೆ."

ಅಜ್ಜಿ ದೂರು ಹೇಳುತ್ತಿರಲಿಲ್ಲ. ಇದಾದ ಮೇಲೂ ನಿಮ್ಮನ್ನು ಹರಸಿದರು. ನನಗೆ ಮಾತ್ರ ಕೂತ ಕಲ್ಲು ಕಾದಂತಾಯಿತು. ಆಮೇಲೆ ಕಂಡ ಹೆಂಗಸರನ್ನೆಲ್ಲ ಅದೊಂದನ್ನೇ ಕೇಳಿದೆ. ಕಟ್ಟೆ ಎದ್ದ ಮೇಲೆ ಒಳಗೆ ಹೋಗಿ ಮಣ್ಣು ಹಾಕಿದ ಒಬ್ಬ ಹೆಂಗಸೂ ನನಗೆ ಸಿಗಲಿಲ್ಲ. ಬಾಯಿಮಾತಿನ ಪದ್ಧತಿಗೆ ನೀವು ಗೋಡೆ ಕಟ್ಟಿಕೊಟ್ಟಿದ್ದೀರಿ. ಕೆಟ್ಟ ಮನಸ್ಸಿನಿಂದ ಕಟ್ಟಿಲ್ಲ ಎಂದು ನನಗೆ ಗೊತ್ತು. ಗೊತ್ತಿರುವುದಕ್ಕೇ ಹೆಚ್ಚು ಸಿಟ್ಟು.

ರಘುನಾಥ್ ಅವರಿಗೆ ಹೇಳಿದೆ. "ಒಳಗ್ ಹೋಗ್ತಾರಾ ಇಲ್ವಾ ಅನ್ನೋದು ನಮ್ಗೆ ಬೇಡ ಮೇಡಂ. ಕಟ್ಟೆ ಯೂಸ್ ಆಗ್ತಿದ್ಯಾ? ಆಗ್ತಿದೆ. ಫುಲ್ ಮಾರ್ಕ್ಸ್ ಕೊಟ್ ಮುಗ್ಸಿ" ಎಂದರು. ಅವರ ಲೆಕ್ಕದಲ್ಲಿ ತಪ್ಪಿಲ್ಲ. ಅನುದಾನ ಪಡೆದ ಕಟ್ಟಡಗಳಲ್ಲಿ ನಿಮ್ಮದರಷ್ಟು ಬಳಕೆಯಾಗುತ್ತಿರುವುದು ಬೇರೊಂದಿಲ್ಲ. ವರದಿ ಹಾಗೆಯೇ ಹೋದರೆ ನಗರದ ಸುತ್ತಲಿನ ಸ್ಮಶಾನಗಳಿಗೆಲ್ಲ ಇಂಥದೇ ಕಟ್ಟೆ ಕಟ್ಟಲು ಪ್ರತಿಷ್ಠಾನದವರು ನಿಮಗೆ ಹಣ ಕೊಡುತ್ತಾರಂತೆ. ನಮ್ಮ ಅಟ್ಟೂರಿನದೂ ಅದರಲ್ಲಿದೆ. ಕಂಡದ್ದನ್ನು ನಾನು ಕಂಡ ಹಾಗೆ ಬರೆದರೆ ಅದು ನಿಂತುಹೋಗುತ್ತದೆ. ನಿಮ್ಮ ಆಫೀಸು ಇದೊಂದನ್ನೇ ನಂಬಿ ಉಸಿರು ಹಿಡಿದಿದೆ ಎಂದು ಅವ್ವ ಫೋನಿನಲ್ಲಿ ಹೇಳಿದರು. ಹೇಳುವಾಗ ಅತ್ತರು.

ಶುಕ್ರವಾರ ವರದಿ ಕಳಿಸಬೇಕು. ಕಂಡ ಹಾಗೆಯೇ ಬರೆದಿದ್ದೇನೆ. ನಿಮ್ಮ ಕೈಯಲ್ಲೂ ಒಂದು ಉಪಾಯವಿದೆ. ಬರೆದವಳು ನನ್ನನ್ನು ಬಿಟ್ಟು ಹೋದ ಹೆಂಡತಿ ಎಂದು ಪ್ರತಿಷ್ಠಾನಕ್ಕೆ ಒಂದು ಮಾತು ತಿಳಿಸಿದರೆ ಸಾಕು, ವರದಿ ಕಸದ ಬುಟ್ಟಿಗೆ ಹೋಗುತ್ತದೆ, ಅದರ ಹಿಂದೆ ನನ್ನ ಕೆಲಸವೂ. ಹಾಗೆ ಮಾಡಿದರೆ ನಾನು ಜಗಳಕ್ಕೆ ಬರುವುದಿಲ್ಲ. ಇನ್ನೊಂದು ದಾರಿಯೂ ಇದೆ. ಆ ಕಿಂಡಿಗಳ ಗೋಡೆಯನ್ನು ನೀವೇ ನಿಂತು ಒಡೆಸಿ, ಕಟ್ಟೆಯಿಂದ ನೇರ ಒಳಕ್ಕೆ ಬಾಗಿಲು ಇಡಿಸಿ. ತಪ್ಪಾಗಿದೆ, ಸರಿ ಮಾಡುತ್ತಿದ್ದೇನೆ ಎಂದು ಅವರಿಗೆ ನೀವೇ ಬರೆಯಿರಿ. ಬಾಗಿಲಾದ ದಿನ ನನಗೆ ತಿಳಿಸಿ. ಮುನಿವೆಂಕಟಮ್ಮನನ್ನು ಕರೆದುಕೊಂಡು ಬರುತ್ತೇನೆ. ನೀವು ಯಾವುದನ್ನು ಆರಿಸುತ್ತೀರಿ ಎಂದು ಊಹಿಸಲು ಕೂಡ ಈಗ ನನಗೆ ಧೈರ್ಯವಿಲ್ಲ.

ಊಟ ಹೊತ್ತಿಗೆ ಸರಿಯಾಗಿ ಮಾಡಿ.

ಇಂತಿ,
ನೀಲುವಿನ ಅಮ್ಮ
ಭಾಗ್ಯಶ್ರೀ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನಿನ್ನೆ ಮುನಿಕೃಷ್ಣಪ್ಪನವರ ಮನೆಗೆ ಹೋಗಿದ್ದೆ. ಅವರಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ, ನಾನು ಯಾರೆಂದು ಗುರುತಾಗಲಿಲ್ಲ. ಕಟ್ಟೆಗೆ ಮುಂಚೆ ಯಾರನ್ನಾದರೂ ತಡೆದದ್ದುಂಟೇ ಎಂದು ಕೇಳಿದೆ. "ಒಂದೇ ಸಲ ಕಣಮ್ಮ" ಎಂದರು. "ಒಂದ್ ಎಣ್ಮಗೀನ ತಂದಿದ್ರು. ಅದ್ರಪ್ಪ ಮೊದ್ಲೇ ಬಂದು ಕೈ ಮುಗ್ದು, ನನ್ ಎಂಡ್ತಿ ನೋಡಿ ತಡ್ಕೊಳಲ್ಲ, ಊರ್ ಪದ್ಧತಿ ಅಂತೇಳಿ ಒರಗೇ ನಿಲ್ಸಿ ಅಂದ್ರು. ಆಯಮ್ಮ ಅತ್ತಿದ್ದು ಇವತ್ಗೂ ಕಿವೀಲೈತೆ. ಆವಯ್ಯನೇ ಆಮ್ಯಾಕೆ ಬಂದು ಈ ಕಟ್ಟೆ ಕಟ್ಸಿದ್ದು." ಆ ಹೆಂಗಸು ನಾನೇ ಎಂದು ಅವರಿಗೆ ಹೇಳಲಿಲ್ಲ. ವರದಿಯಲ್ಲೂ ಇದನ್ನು ಬರೆದಿಲ್ಲ.