ಬೇಲಿ ಬದಿಯ ಐದನೇ ಬಾಗಿಲು

ಸೆಪ್ಟೆಂಬರ್ 11, ಮಂಗಳವಾರ

ಮೂರನೇ ಕೋಟ್ ಹಸಿರು ಒಣಗಿತು. ಗೆರೆ ಎಳೆಯಲು ಕೂತೆ. ಕಿಟಕಿಯ ಕೆಳಗೊಂದು ತಿಳಿಹಸಿರು ಗೆರೆ, ಮೇಲೊಂದು. ಕಾಲು ಮಿಲಿಮೀಟರ್ ದಪ್ಪ. ಉಸಿರು ಬಿಗಿಹಿಡಿದು ಎಳೆಯಬೇಕು. ಅರ್ಧ ಬೋಗಿ ಆಗಿತ್ತು, ಫೋನ್ ಬಂತು.

ಡರ್ಮಟ್ ಟೂಯಿಗ್. ನಮ್ಮ ರೈಲು ಮಾದರಿ ಕ್ಲಬ್ಬಿನ ಕಾರ್ಯದರ್ಶಿ. ಊಟ ಸೇರುತ್ತಿದೆಯಾ, ನಿದ್ದೆ ಬರುತ್ತಿದೆಯಾ ಎಂದೆಲ್ಲ ವಿಚಾರಿಸಿ ಕಡೆಗೆ ವಿಷಯಕ್ಕೆ ಬಂದ. ಮಲಾಕಿಯ ಬೋಗಿಗಳು ಹೇಗಿವೆ? ಧೂಳು ಗೀಳು ಒರೆಸಲು ಹೋಗಬೇಡ ಅಟ್ರಾಕ್ಟಾ, ಬಹಳ ನಾಜೂಕು, ಏನಾದರೂ ಮುರಿದೀತು ಎಂದ.

ಆಯಿತು ಎಂದೆ. ಕುಂಚ ಕೈಯಲ್ಲೇ ಇತ್ತು.

ಮಲಾಕಿ ತೀರಿಹೋಗಿ ಇಪ್ಪತ್ತಾರು ದಿನ. ಮೂವತ್ತೆಂಟು ವರ್ಷ ಜೊತೆಗಿದ್ದ ಗಂಡ. ಬಂದವರೆಲ್ಲ ಕೇಕ್ ತರುತ್ತಾರೆ. ಅಡುಗೆಮನೆಯಲ್ಲಿ ಐದು ಕೇಕ್ ಇವೆ. ಯಾರು ತಿನ್ನಬೇಕೋ.

ಸೆಪ್ಟೆಂಬರ್ 16, ಭಾನುವಾರ

ಚರ್ಚಿನಲ್ಲಿ ಮಲಾಕಿಯ ತಿಂಗಳ ಪೂಜೆ ಆಯಿತು. ಮ್ಯಾಲೋ ಊರಿಗೆ ಊರೇ ಬಂದಿತ್ತು. ಫಾದರ್ ಮಲಾಕಿಯ ಕೈಗಳ ಬಗ್ಗೆ ಹತ್ತು ನಿಮಿಷ ಮಾತಾಡಿದರು. ದೇವರು ಕೆಲವರ ಬೆರಳಿಗೆ ತಾಳ್ಮೆ ಕೊಟ್ಟಿರುತ್ತಾನಂತೆ. ಮುಂದಿನ ಬೆಂಚಿನಲ್ಲಿ ಕೈಗವಸು ಹಾಕಿಕೊಂಡು ಕೂತಿದ್ದೆ. ಬೆರಳಿನ ಹಸಿರು ಬಣ್ಣ ಹೋಗಿರಲಿಲ್ಲ.

ಆಮೇಲೆ ಹಾಲ್‌ನಲ್ಲಿ ಚಹಾ, ಹ್ಯಾಮ್ ಸ್ಯಾಂಡ್‌ವಿಚ್. ಡರ್ಮಟ್ ಲೋಟ ತಟ್ಟಿ ಎಲ್ಲರನ್ನೂ ಸುಮ್ಮನಾಗಿಸಿದ. ಅಕ್ಟೋಬರ್ ಕೊನೆಯ ಪ್ರದರ್ಶನದಲ್ಲಿ ಮಲಾಕಿ ಸ್ಮಾರಕ ಇಡುತ್ತಾರಂತೆ. ದೊಡ್ಡ ಗಾಜಿನ ಪೆಟ್ಟಿಗೆ. ಇಪ್ಪತ್ತು ಬೋಗಿ, ಹದಿನಾಲ್ಕು ವ್ಯಾಗನ್, ಮೂವತ್ತನಾಲ್ಕೂ ಒಂದೇ ಕಡೆ. ಪ್ರದರ್ಶನ ಮುಗಿದ ಮೇಲೆ ಊರ ಲೈಬ್ರರಿಯಲ್ಲಿ ಶಾಶ್ವತವಾಗಿ. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಥೂ ನನ್ನ!

ಇಲ್ಲಿ ಬರೆದೇಬಿಡುತ್ತೇನೆ. ಆ ಮೂವತ್ತನಾಲ್ಕರಲ್ಲಿ ಮಲಾಕಿ ಮಾಡಿದ್ದು ಒಂದೂ ಇಲ್ಲ. ಅಳತೆ ನನ್ನದು, ನಕ್ಷೆ ನನ್ನದು. ಪ್ಲಾಸ್ಟಿಕ್ ಹಾಳೆ ಕತ್ತರಿಸಿದ್ದು, ಅಂಟಿಸಿದ್ದು, ಬಣ್ಣ ಬಳಿದದ್ದು, ಪಕ್ಕದಲ್ಲಿ ರೈಲ್ವೆಯವರ ಆ ಹಾರುವ ಬಸವನಹುಳುವಿನ ಲಾಂಛನವನ್ನು ಕೂದಲೆಳೆಯ ಕುಂಚದಲ್ಲಿ ಬರೆದದ್ದು, ಎಲ್ಲ ನಾನು. ಅಂಗಡಿಯಲ್ಲಿ ಸಿಗುವ ಚಕ್ರಗಳೆಲ್ಲ ಇಂಗ್ಲಿಷರ ಹಳಿಯ ಅಳತೆಗೆ. ನಮ್ಮ ಹಳಿ ಅದಕ್ಕಿಂತ ಆರೂವರೆ ಇಂಚು ಅಗಲ. ಒಂದೊಂದು ಅಚ್ಚನ್ನೂ ತೆಗೆದು ಉದ್ದ ಮಾಡಿ ಕೂರಿಸಿದವಳು ನಾನು. ಶರ್ಟ್ ಫ್ಯಾಕ್ಟರಿಯಲ್ಲಿ ಹತ್ತೊಂಬತ್ತು ವರ್ಷ ಬಟ್ಟೆ ಕತ್ತರಿಸಿದ ಕೈ ಇದು.

ಮಲಾಕಿ ದನದ ಸಂತೆಯಲ್ಲಿ ಹರಾಜು ಕೂಗುವವ. ರೈಲಿನ ಹುಚ್ಚು ಅವನದೇ, ಅದನ್ನು ಒಪ್ಪುತ್ತೇನೆ. ಮಿಕ್ಕಿದ್ದೆಲ್ಲ ಬಾಯಿ.

ನನಗೆ ಒಂದೇ ಒಂದು ಬೇಕು. ಆ ಗಾಜಿನ ಪೆಟ್ಟಿಗೆಯ ಕಾರ್ಡಿನ ಮೇಲೆ ನನ್ನ ಹೆಸರು. ಅಷ್ಟೇ.

ಸೆಪ್ಟೆಂಬರ್ 19, ಬುಧವಾರ

ತಂಗಿ ಕನ್ಸೆಪ್ಟಾ ಬಂದಿದ್ದಳು. ಅವಳೊಬ್ಬಳಿಗೆ ಎಲ್ಲ ಗೊತ್ತು, ಕಣ್ಣಾರೆ ನೋಡಿದ್ದಾಳೆ. ಕಾರ್ಡಿನ ವಿಷಯ ಹೇಳಿದೆ. ಚಹಾದ ಕಪ್ ಕೆಳಗಿಟ್ಟಳು.

"ಸತ್ತು ಒಂದು ತಿಂಗಳಾಗಿದೆ ಕಣೇ. ಈಗ ಹೋಗಿ ಅವನ ಕೈಯಿಂದ ಕಿತ್ಕೊಂಡ್ರೆ ಜನ ಏನಂತಾರೆ?"

"ನಂದನ್ನ ನಾನು ಇಸ್ಕೊಂಡೆ ಅಂತಾರೆ."

"ಹೂಂ, ಅಂತಾರೆ. ಗಂಡನ್ನ ಮಣ್ಣಲ್ಲೂ ಬಿಡಲಿಲ್ಲ ಅಂತಾರೆ. ಬದುಕಿದ್ದಾಗ ಕೇಳೋಕೆ ಏನಾಗಿತ್ತು ನಿಂಗೆ?"

ಎರಡು ಕೇಕ್ ಕಟ್ಟಿಕೊಟ್ಟು ಕಳಿಸಿದೆ.

ಸೆಪ್ಟೆಂಬರ್ 25, ಮಂಗಳವಾರ

ಡರ್ಮಟ್‌ನ ಮನೆಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದದ್ದೇ ಬಂತು, ಅಲ್ಲಿ ಬಾಯಿಂದ ಬಂದದ್ದು ಒಂದೇ ಸಾಲು.

"ಡರ್ಮಟ್, ಅವನ್ನೆಲ್ಲ ಕಟ್ಟಿದ್ದು ನಾನು."

"ಗೊತ್ತಮ್ಮ, ನೀನಿಲ್ದೆ ಅವನಿಗೆಲ್ಲಿ ಆಗ್ತಿತ್ತು? ಬಣ್ಣ ಗಿಣ್ಣಕ್ಕೆ ನೀನೂ ಕೈ ಹಚ್ತಿದ್ದೆ ಅಂತ ಅವನೇ ಹೇಳ್ತಿದ್ದ."

ಕೈ ಹಚ್ಚುವುದಲ್ಲ, ಪೂರ್ತಿ ನಾನೇ ಎಂದೆ. ನಾಳೆ ಮನೆಗೆ ಬಾ, ನಿನ್ನ ಎದುರಿಗೇ ಒಂದು ಬೋಗಿಯ ಪಕ್ಕದ ಗೋಡೆ ಕತ್ತರಿಸಿ ತೋರಿಸುತ್ತೇನೆ ಎಂದೆ. ಅವನು ನನ್ನ ಕೈಯನ್ನು ಮೆಲ್ಲಗೆ ತಟ್ಟಿದ. ಯಾಕಮ್ಮ ಇಲ್ಲದ ತೊಂದರೆ, ನೀನು ಸ್ವಲ್ಪ ರೆಸ್ಟ್ ತಗೋ ಎಂದ. ನಕ್ಷೆಗಳ ಮಾತೂ ಬಂತು. ಎಲ್ಲದರ ಮೂಲೆಯಲ್ಲೂ ಮಲಾಕಿಯ ಸಹಿ ಇದೆಯಲ್ಲ ಎಂದು ತುಂಬಾ ಮೃದುವಾಗಿ ಜ್ಞಾಪಿಸಿದ. ಇದೆ. ಹಾಕು ಎಂದು ಪೆನ್ನು ಕೊಟ್ಟವಳೇ ನಾನು.

ಅವನ ಹೆಂಡತಿ ಒಳಗಿನಿಂದ ಒಂದು ಮಾತ್ರೆಯ ಹೆಸರು ಬರೆದುಕೊಂಡು ಬಂದಳು. ಅವಳ ಅಮ್ಮ ತೀರಿಕೊಂಡಾಗ ಅವಳಿಗೆ ಬಹಳ ಅನುಕೂಲವಾಗಿತ್ತಂತೆ. ಕಾರಿನಲ್ಲಿ ಮನೆತನಕ ಬಿಟ್ಟಳು. ಸೀಟ್ ಬೆಲ್ಟ್ ಕೂಡ ಅವಳೇ ಹಾಕಿದಳು.

ಅಕ್ಟೋಬರ್ 9, ಮಂಗಳವಾರ

ಎರಡು ವಾರ ಏನೂ ಬರೆದಿಲ್ಲ. ಕುಂಚವನ್ನೂ ಮುಟ್ಟಿಲ್ಲ. ಅರ್ಧ ಗೆರೆಯ ಬೋಗಿ ಹಾಗೇ ಬಿದ್ದಿದೆ.

ಎಲ್ಲಿ ಶುರುವಾಯಿತು ಇದು? ಕಾರ್ಕ್‌ನ ಮೊದಲ ಪ್ರದರ್ಶನದಲ್ಲಿ. ಯಾರು ಮಾಡಿದ್ದು ಎಂದು ತೀರ್ಪುಗಾರ ಕೇಳಿದ. 'ನಾವು' ಎಂದ ಮಲಾಕಿ. ನಾವು ಎಂದರೆ ಏನು ತಪ್ಪು, ಮನೆಗೆ ಬಂದ ಬಹುಮಾನದ ಕಪ್ ಇಬ್ಬರದೂ ತಾನೆ ಎಂದುಕೊಂಡೆ. ಮುಂದಿನ ವರ್ಷ ಪೇಪರಿನವರು ಅವನೊಬ್ಬನ ಫೋಟೋ ಹಾಕಿದರು. ಅದರ ಮುಂದಿನ ವರ್ಷ ಅವನು 'ನಾನು' ಎಂದ. ನಾನು ಹಿಂದೆಯೇ ಚಹಾದ ಫ್ಲಾಸ್ಕ್ ಹಿಡಿದು ನಿಂತಿದ್ದೆ. ಅವನು ತಿರುಗಿ ನೋಡಿದ, ಒಂದೇ ಕ್ಷಣ. ನಾನು ನಕ್ಕೆ.

ಕಾರಿನಲ್ಲಿ ಬರುವಾಗ, ಬೇಜಾರಾಯ್ತಾ ಹುಡುಗಿ ಎಂದು ಕೇಳಿದ. ಇಲ್ಲಪ್ಪ ಎಂದೆ. ಆಮೇಲೆ ಅವನು ಯಾವತ್ತೂ ಕೇಳಲಿಲ್ಲ, ನಾನೂ ಯಾವತ್ತೂ ಹೇಳಲಿಲ್ಲ. ಹೆಂಗಸರು ರೈಲು ಕಟ್ಟಿದರು ಎಂದರೆ ಆಗ ಜನ ನಗುತ್ತಿದ್ದರು, ನಿಜ. ಆದರೆ ಆ 'ಆಗ' ಎನ್ನುವುದು ಎಷ್ಟು ವರ್ಷ ನಡೆಯಬೇಕು?

ಅಕ್ಟೋಬರ್ 14, ಭಾನುವಾರ

ಕ್ಲಬ್ಬಿನ ಮೀಟಿಂಗ್. ಚಹಾ ಮಾಡಲು ಕರೆದಿದ್ದರು. ಹೋದೆ.

ಒಳಗೆ ಹೋದರೆ ಎಲ್ಲರೂ ಸಾವಿನ ಮನೆಯವರ ಹಾಗೆ ಕೂತಿದ್ದಾರೆ. ಬೆಲ್‌ಫಾಸ್ಟ್‌ನಿಂದ ಒಬ್ಬ ಹಳೇ ಫೋಟೋ ಕಳಿಸಿದ್ದಾನೆ. 1938ರದ್ದು. ನಮ್ಮ ಏಳನೇ ಬೋಗಿಯ ಅಸಲು, ಆರು ಚಕ್ರದ್ದು, ಅದರ ಇನ್ನೊಂದು ಬದಿ. ಅಲ್ಲಿ ಬಾಗಿಲು ಐದಿಲ್ಲ, ನಾಲ್ಕೇ. ಐದನೆಯದರ ಜಾಗದಲ್ಲಿ ಕಕ್ಕಸಿನ ಪುಟ್ಟ ಕಿಟಕಿ. ನಮ್ಮ ಮಾದರಿಯಲ್ಲಿ ಎರಡೂ ಬದಿಗೆ ಐದೈದು ಬಾಗಿಲು. ಕ್ಲಬ್ಬಿನ ಹನ್ನೊಂದು ಜನ ಅದೇ ನಕ್ಷೆ ನೋಡಿ ಕಟ್ಟಿದ್ದಾರೆ. ಹನ್ನೊಂದೂ ತಪ್ಪು.

ನನಗೆ ನೋಡಿದ ಕೂಡಲೇ ಗೊತ್ತಾಯಿತು. 1986, ಬ್ಯಾಲಿಕಾಟನ್ ಹತ್ತಿರದ ಒಂದು ಹೊಲ. ರೈಲ್ವೆಯವರು ಮಾರಿದ ಹಳೇ ಬೋಗಿ, ಚಕ್ರ ಕಳಚಿ ನೆಲಕ್ಕೆ ಕೂರಿಸಿ ಕೋಳಿಗೂಡು ಮಾಡಿದ್ದರು. ಒಂದು ಬದಿ ಪೂರ್ತಿ ಬೇಲಿಯ ಬಿಳಿಹೂವಿನ ಮುಳ್ಳುಗಿಡದೊಳಗೆ ಹೊಕ್ಕಿತ್ತು. ನಾಲ್ಕು ಕೊಂಬೆ ಸವರುತ್ತೇನೆ ಎಂದೆ. ಹೊಲದ ಯಜಮಾನ ಬಿಳಚಿಹೋದ. ಅದನ್ನು ಮುಟ್ಟಿದವರ ಮನೆ ಉದ್ಧಾರವಾಗುವುದಿಲ್ಲ, ಅದು 'ಅವರ' ಗಿಡ ಎಂದ. ಅವರು ಎಂದರೆ ಯಾರು ಎಂದು ನಮ್ಮ ಕಡೆ ಯಾರೂ ಕೇಳುವುದಿಲ್ಲ, ನೆಲದಡಿಯ ಮಾಯದ ಜನರ ಹೆಸರೆತ್ತಬಾರದು; ನಾನೂ ಕೇಳಲಿಲ್ಲ. ಕತ್ತರಿ ಚೀಲಕ್ಕೆ ಹಾಕಿದೆ. ಈ ಬದಿ ಅಳೆದು ಆ ಬದಿಯೂ ಹೀಗೇ ಇರುತ್ತದೆ ಎಂದು ಬರೆದುಕೊಂಡೆ. ಮಲಾಕಿ ಅಷ್ಟೂ ಹೊತ್ತು ಅಡುಗೆಮನೆಯಲ್ಲಿ ಆ ಯಜಮಾನನ ಹೆಂಡತಿಗೆ ಹರಾಜಿನ ಕಥೆ ಹೇಳುತ್ತಿದ್ದ.

ಇಲ್ಲಿ ಮೀಟಿಂಗಿನಲ್ಲಿ ಡರ್ಮಟ್ ತಲೆ ಮೇಲೆ ಕೈ ಹೊತ್ತಿದ್ದ. ಏಳನೇ ಬೋಗಿಯನ್ನು ಸ್ಮಾರಕದಿಂದ ತೆಗೆದುಬಿಡೋಣ, ಮಲಾಕಿಯ ಹೆಸರಿಗೆ ಮಸಿ ಬೇಡ ಎಂದು ಒಬ್ಬ. ಇಟ್ಟು ತಪ್ಪಿರುವ ಬದಿಯನ್ನು ಗೋಡೆಗೆ ತಿರುಗಿಸೋಣ ಎಂದು ಇನ್ನೊಬ್ಬ. ನಾನು ಟ್ರೇ ಕೆಳಗಿಟ್ಟೆ. ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ ಎನಿಸಿತು. ತಪ್ಪು ಯಾಕಾಯಿತು ಎಂದು ಗೊತ್ತಿರುವವಳು ನಾನೊಬ್ಬಳೇ. ಅಳೆದವಳು ನಾನು ಎನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು?

"ಆ ತಪ್ಪು ನಂದು. ಅಳತೆ ತಗೊಂಡಿದ್ದು ನಾನು," ಎಂದೆ. ಮುಳ್ಳುಗಿಡದ ಕಥೆ ಪೂರ್ತಿ ಹೇಳಿದೆ.

ರೂಮಿನಲ್ಲಿ ಎಲ್ಲರ ಮುಖವೂ ಅರಳಿತು.

"ಅದೇ ಅನ್ಕೊಂಡೆ ನಾನು," ಎಂದ ಡರ್ಮಟ್. "ಮಲಾಕಿ ಇಂಥ ತಪ್ಪು ಮಾಡೋನೇ ಅಲ್ಲ."

ಪಕ್ಕದವನು, ಪಾಪ, ಹೆಂಡತಿಯನ್ನು ನಂಬಿದ ಎಂದ. ಎಲ್ಲರೂ ನಕ್ಕರು. ಬೈಯಲಿಲ್ಲ, ಬಹಳ ಒಳ್ಳೆಯವರು. ಒಬ್ಬ ನನ್ನ ಕೈಯಿಂದಲೇ ಬಿಸ್ಕತ್ ತೆಗೆದುಕೊಂಡು, ಬಿಡಮ್ಮ, ಯಾರಿಗಾದರೂ ಆಗುತ್ತೆ ಎಂದ.

ಅಕ್ಟೋಬರ್ 15, ಸೋಮವಾರ

ಮೂವತ್ತನಾಲ್ಕು ನನ್ನವು ಎಂದಾಗ ಮಾತ್ರೆ ಬರೆದುಕೊಟ್ಟರು. ಒಂದು ತಪ್ಪು ನನ್ನದು ಎಂದಾಗ ಸಾಕ್ಷಿ ಕೂಡ ಕೇಳಲಿಲ್ಲ.

ಅಕ್ಟೋಬರ್ 20, ಶನಿವಾರ

ಬೋಗಿಗಳನ್ನು ಒಯ್ಯಲು ಡರ್ಮಟ್ ಮತ್ತಿಬ್ಬರು ಬಂದರು. ಬಿಳೀ ಹತ್ತಿಯ ಕೈಗವಸು ಹಾಕಿಕೊಂಡಿದ್ದರು. ನಾನು ಕಪಾಟಿನ ಹತ್ತಿರ ಹೋದರೆ, ನೀನು ದೂರ ನಿಂತ್ಕೋಮ್ಮ, ನಾವು ನೋಡ್ಕೋತೀವಿ ಎಂದ ಡರ್ಮಟ್. ನಿಂತುಕೊಂಡೆ. ಬೀಟ್‌ಗೆಡ್ಡೆ ತುಂಬುವ ವ್ಯಾಗನ್ನನ್ನು ತಲೆಕೆಳಗಾಗಿ ಎತ್ತಿದ.

ಚಹಾ ಕೊಡಲಿಲ್ಲ. ಈ ಮನೆಗೆ ಬಂದು ಚಹಾ ಇಲ್ಲದೆ ಹೋದವರು ಇವರೇ ಮೊದಲಿರಬೇಕು. ಅವರಿಗೆ ಅದು ಗೊತ್ತಾಗಲಿ ಎಂದೇ ಕೊಡಲಿಲ್ಲ. ಗೊತ್ತಾಗಲಿಲ್ಲ.

ಅಕ್ಟೋಬರ್ 26, ಶುಕ್ರವಾರ

ಪ್ರದರ್ಶನಕ್ಕೆ ಹಾಲ್ ಸಿದ್ಧ. ಲೋಟ ಎಣಿಸಿಡಲು ಹೋಗಿದ್ದೆ. ಗಾಜಿನ ಪೆಟ್ಟಿಗೆಗೆ ದೀಪ ಹಾಕಿದ್ದಾರೆ. ಒಪ್ಪಿಕೊಳ್ಳಬೇಕು, ಚೆನ್ನಾಗಿ ಕಾಣುತ್ತವೆ. ಸಾಲಾಗಿ ಎಲ್ಲವನ್ನೂ ಒಟ್ಟಿಗೆ ನಾನೇ ಯಾವತ್ತೂ ನೋಡಿರಲಿಲ್ಲ. ಕಣ್ಣು ತುಂಬಿ ಬಂತು. ಆಮೇಲೆ ಕಾರ್ಡ್ ಓದಿದೆ.

'ಈ ಪೆಟ್ಟಿಗೆಯಲ್ಲಿರುವ ಎಲ್ಲವೂ ದಿವಂಗತ ಮಲಾಕಿ ಹೆನೆಬ್ರಿ ಅವರ ಕೈಕೆಲಸ. ಏಳನೇ ಬೋಗಿಯ ಒಂದು ಬದಿಯಲ್ಲಿರುವ ದೋಷ ಅವರದಲ್ಲ. ಅಳತೆಗೆ ನೆರವಾದ ಅವರ ಪತ್ನಿಯಿಂದ ಆದದ್ದು.'

ಹೆಸರು ಕೂಡ ಇಲ್ಲ. ಪತ್ನಿ.

ಡರ್ಮಟ್ ಹಿಂದಿನಿಂದ ಬಂದ. ನೋಡಿದೆಯಾ, ನಿನ್ನನ್ನೂ ಸೇರಿಸಿದ್ದೇವೆ ಎಂದ. ಅವನು ಅದನ್ನು ಸಂತೋಷದಿಂದಲೇ ಹೇಳಿದ, ಅದೇ ನನಗೆ ತಡೆಯಲಾಗದ್ದು. ನಾಳೆ ಎಂಟಕ್ಕೇ ಬಂದು ನೀರು ಕಾಯಿಸಿಡು ಎಂದು ಹಾಲ್‌ನ ಬೀಗದ ಕೈ ಕೊಟ್ಟ.

ಅಕ್ಟೋಬರ್ 27, ಶನಿವಾರ. ಬೆಳಿಗ್ಗೆ 10.40

ಏಳಕ್ಕೇ ಹೋದೆ. ನೀರು ಕಾಯಲು ಇಟ್ಟೆ, ಹೇಳಿದ ಕೆಲಸ ಬಿಡಬಾರದು. ಆಮೇಲೆ ಗಾಜಿನ ಮುಚ್ಚಳದ ನಾಲ್ಕು ತಿರುಪು ಕಳಚಿದೆ. ಮೂವತ್ತನಾಲ್ಕನ್ನೂ ಒಂದೊಂದಾಗಿ ತೆಗೆದು ಹಳೇ ಶರ್ಟ್ ಡಬ್ಬಿಗಳಲ್ಲಿ ಟಿಶ್ಯೂ ಸುತ್ತಿ ಮಲಗಿಸಿದೆ. ಕಾರಿಗೆ ಮೂರು ಸಲ ಓಡಾಟ. ಏಳನೆಯದನ್ನೂ ತಂದೆ. ತಪ್ಪೋ ಸರಿಯೋ, ನನ್ನದು.

ಪೆಟ್ಟಿಗೆಯಲ್ಲಿ ಕಡೆಗೆ ಒಂದೇ ಉಳಿಯಿತು. ಇಂಜಿನ್‌ಗೆ ನೀರು ತುಂಬುವ ತೊಟ್ಟಿ, ನಾಲ್ಕು ಕಾಲಿನದು, ಎಡಕ್ಕೆ ವಾಲಿದೆ. ಅಂಟು ಹೊರಗೆ ಸುರಿದು ಗಟ್ಟಿಯಾಗಿದೆ. ಕಪಾಟಿನ ಮೂಲೆಯಿಂದ ಅದನ್ನೂ ಎತ್ತಿಕೊಂಡು ಹೋಗಿದ್ದರು. ಮಲಾಕಿ ತನ್ನ ಕೈಯಾರೆ ಮಾಡಿದ್ದು ಅದೊಂದೇ. ಅದನ್ನು ಮುಟ್ಟಲಿಲ್ಲ. ಮುಚ್ಚಳ ಹಾಕಿ ತಿರುಪು ಬಿಗಿ ಮಾಡಿ, ದೀಪ ಹಾಕಿ, ಕಾರ್ಡನ್ನು ನೇರ ಮಾಡಿ ಬಂದೆ. ಈಗ ಅದರಲ್ಲಿ ಬರೆದದ್ದು ನಿಜ.

ಹತ್ತಕ್ಕೆ ಬಾಗಿಲು ತೆಗೆದಿರುತ್ತಾರೆ. ಹತ್ತೂಕಾಲಿಗೆ ಫೋನ್.

"ಅಟ್ರಾಕ್ಟಾ, ಬೋಗಿಗಳೆಲ್ಲಿ?"

"ಮಾಡಿದವಳ ಮನೇಲಿವೆ."

ಹಿಂದೆ ಜನರ ಗಲಾಟೆ ಕೇಳುತ್ತಿತ್ತು. ಆಮೇಲೆ ಡರ್ಮಟ್ ಸಣ್ಣ ಧ್ವನಿಯಲ್ಲಿ ಹೇಳಿದ, ಜನ ಗಾಜಿನ ಸುತ್ತ ನಿಂತಿದ್ದಾರೆ, ಆ ತೊಟ್ಟಿ ನೋಡಿ ನಗುತ್ತಿದ್ದಾರೆ, ಏನು ಹೇಳಲಿ ಅವರಿಗೆ?

"ಅದು ಮಲಾಕಿ ಮಾಡಿದ್ದು ಅಂತ ಹೇಳು," ಎಂದು ಫೋನ್ ಇಟ್ಟೆ.

ಸಂತೋಷ ಆಗಬೇಕಿತ್ತು. ಚಹಾ ಮಾಡಿಕೊಂಡೆ, ಕುಡಿಯಲಾಗಲಿಲ್ಲ. ನಗುತ್ತಿದ್ದಾರಂತೆ. ಮಲಾಕಿ ಒಂದು ಚಳಿಗಾಲ ಪೂರ್ತಿ ಕೂತಿದ್ದ ಅದರ ಮುಂದೆ, ನಾಲಿಗೆ ಕಚ್ಚಿಕೊಂಡು. ಆ ದಪ್ಪ ಬೆರಳು. ಒಂದು ದಿನ ಕೇಳಿದ, ಕಾಲು ನೆಟ್ಟಗೆ ನಿಲ್ತಿಲ್ಲ ಹುಡುಗಿ, ಒಂದ್ನಿಮಿಷ ಹಿಡ್ಕೋತೀಯಾ? ನಾನು ತಲೆ ಕೂಡ ಎತ್ತಲಿಲ್ಲ. ನೀನೇ ತಾನೆ ದೊಡ್ಡ ಮೇಸ್ತ್ರಿ, ಪೇಪರಲ್ಲಿ ಬಂದಿದೆಯಲ್ಲ ಎಂದೆ. ಅವನು ವಾಲಿದ ಹಾಗೇ ಅಂಟಿಸಿದ. ಮಾರನೇ ದಿನ ಅದನ್ನು ತಂದು ನನ್ನ ಮೇಜಿನ ಮೇಲೆ, ನನ್ನ ಬೋಗಿಗಳ ಪಕ್ಕದಲ್ಲಿಟ್ಟು, ಕೈಕಟ್ಟಿ ನಿಂತುಕೊಂಡು, ಈಗಲಾದರೂ ನಾನು ಏನಾದರೂ ಹೇಳುತ್ತೇನೋ ಎಂದು ಕಾದ. ನಾನು ಗೆರೆ ಎಳೆಯುತ್ತಲೇ ಇದ್ದೆ.